ಎರಡು ಬಾಗಿಲಿನ ಹಳೆಯ ಕಾರು: ಉಳಿಸಿಕೊಳ್ಳುವುದೋ, ಬದಲಿಸುವುದೋ

ಮಲೆನಾಡಿನಲ್ಲಿ ಹಳೆಯ ಐಷಾರಾಮಿ ಕೂಪೆಯನ್ನು, ಅಂದರೆ ಎರಡೇ ಬಾಗಿಲಿನ ತಗ್ಗು ಕಾರನ್ನು, ಇಟ್ಟುಕೊಂಡವರು ಅದನ್ನು ಬದಲಿಸುವ ಮಾತನ್ನು ವರ್ಷಕ್ಕೆ ಎರಡು ಸಲ ಎತ್ತುತ್ತಾರೆ: ಆಷಾಢದ ಮಳೆಯಲ್ಲಿ ಕಾರು ಸ್ಟಾರ್ಟ್ ಆಗದೆ ನಿಂತಾಗ ಒಮ್ಮೆ, ಅಡಿಕೆ ಮಂಡಿಯಿಂದ ಹಣ ಕೈಗೆ ಬಂದಾಗ ಇನ್ನೊಮ್ಮೆ. ಎರಡೂ ಈ ತೀರ್ಮಾನಕ್ಕೆ ತಕ್ಕ ಕಾಲವಲ್ಲ. ದೀಪಾವಳಿಯ ಆಸುಪಾಸಿನಲ್ಲಿ, ಮಳೆ ಹಿಂದೆ ಸರಿದು ಕೊಯ್ಲಿನ ಗಡಿಬಿಡಿ ಇನ್ನೂ ಏರದಿರುವ ಎರಡು ಮೂರು ವಾರಗಳಲ್ಲಿ ಕಾರನ್ನು ಪರೀಕ್ಷಿಸಬೇಕು. ನಾಲ್ಕು ತಿಂಗಳ ನೀರು ಎಲ್ಲೆಲ್ಲಿ ನುಗ್ಗಿತ್ತು ಎಂಬುದರ ಗುರುತು ಆಗ ಹಸಿಯಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಎಲ್ಲವೂ ಒಣಗಿ, ಸಜ್ಜನನಂತೆ ಕಾಣುತ್ತದೆ.

ಕಾರಿನ ವಿಷಯ ಬಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಬಾನೆಟ್ ಎತ್ತುತ್ತಾರೆ. ಮೊದಲು ಎತ್ತಬೇಕಾದದ್ದು ಕಾರ್ಪೆಟ್ಟನ್ನು ಎಂಬುದು ನನ್ನ ಅಭಿಪ್ರಾಯ. ಎಂಜಿನ್ನಾಗಲಿ ಗೇರ್‌ಬಾಕ್ಸಾಗಲಿ ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಬೇರೆಯದನ್ನೂ ತರಬಹುದು. ಆದರೆ ತಳದ ತಗಡೇ ತುಕ್ಕು ತಿಂದು ಹೋದರೆ ತಂದದ್ದನ್ನು ಕೂರಿಸುವುದಕ್ಕೆ ಕಾರೇ ಇರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಗಿಲಾದ ಮಳೆ ಬೀಳುತ್ತದೆ, ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲುಭಾಗವೂ ಇಲ್ಲ. ಒಂದೇ ವರ್ಷ ತಯಾರಾದ ಎರಡು ಕಾರುಗಳಲ್ಲಿ ಶಿವಮೊಗ್ಗ ಪೇಟೆಯ ದುರ್ಗಿಗುಡಿಯದ್ದು ಗಟ್ಟಿಯಾಗಿದ್ದು ಆಗುಂಬೆ ಕಡೆಯ ತೀರ್ಥಹಳ್ಳಿಯಾಚೆಯದ್ದು ಜರಡಿಯಾಗಿರಬಹುದು. ಆದ್ದರಿಂದ ಕಾರಿನ ವಯಸ್ಸನ್ನಾಗಲಿ ಓಡಿದ ಕಿಲೋಮೀಟರನ್ನಾಗಲಿ ಮಾತ್ರ ನೋಡಿ ತೀರ್ಮಾನಿಸುವುದು ನಮ್ಮ ಸೀಮೆಗೆ ಹೊಂದುವುದಿಲ್ಲ.

ಪರೀಕ್ಷೆಯನ್ನು ನೀವೇ ಮಾಡಬಹುದು. ರಾತ್ರಿ ಮುಂದಿನ ಎರಡೂ ಸೀಟುಗಳ ಕೆಳಗೆ, ಕಾರ್ಪೆಟ್ಟಿನ ಅಡಿಯ ಸ್ಪಂಜಿಗೂ ತಗಡಿಗೂ ನಡುವೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಹಾಸಿಟ್ಟು, ಬೆಳಿಗ್ಗೆ ತೆಗೆದು ನೋಡಿ. ಕಾರ್ಪೆಟ್ಟಿನ ಮೇಲ್ಭಾಗ ಒಣಗಿದ್ದರೂ ಕಾಗದ ಒದ್ದೆಯಾಗಿದ್ದರೆ ನೀರು ಒಳಗೆ ನಿಂತಿದೆ ಎಂದೇ ಅರ್ಥ. ಆ ನೀರು ಸಾಮಾನ್ಯವಾಗಿ ಮೂರು ದಾರಿಗಳಲ್ಲಿ ಬಂದಿರುತ್ತದೆ. ಕೂಪೆಯ ಬಾಗಿಲಿನ ಗಾಜಿಗೆ ಬಹುಪಾಲು ಚೌಕಟ್ಟು ಇರುವುದಿಲ್ಲವಾದ್ದರಿಂದ ಅದು ನೇರವಾಗಿ ರಬ್ಬರ್ ಬೀಡಿಂಗಿಗೆ ಒತ್ತಿಕೊಳ್ಳುತ್ತದೆ, ಆ ರಬ್ಬರ್ ಹದಿನೈದು ವರ್ಷಕ್ಕೆ ಕಲ್ಲಿನಂತೆ ಗಟ್ಟಿಯಾಗಿ ಸಂದು ಬಿಡುತ್ತದೆ. ಮುಂದಿನ ಗಾಜಿನ ಬುಡದ ತೂಬಿನಲ್ಲಿ ಎಲೆ ಕೊಳೆತು ಕಟ್ಟಿಕೊಂಡರೆ ನೀರು ಎ.ಸಿ.ಯ ಬ್ಲೋವರ್ ದಾರಿ ಹಿಡಿಯುತ್ತದೆ. ಮೂರನೆಯದು ಸನ್‌ರೂಫಿನ ಮೂಲೆಗಳಿಂದ ಇಳಿಯುವ ಸಪೂರ ಕೊಳವೆಗಳು. ಮೂಲೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಎರೆದರೆ ಅದು ಸ್ವಲ್ಪ ಹೊತ್ತಿನಲ್ಲಿ ಚಕ್ರದ ಹತ್ತಿರ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ತಂತಿ ತುರುಕಬೇಡಿ, ಒಳಗಿನ ಜೋಡಣೆ ಕಿತ್ತುಹೋಗುತ್ತದೆ; ತೋಟದಲ್ಲಿ ಕಳೆ ಹೊಡೆಯುವ ಯಂತ್ರಕ್ಕೆ ಸುತ್ತುವ ನೈಲಾನ್ ದಾರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಮುಂದೆ ತಗಡು. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗವನ್ನು, ಜ್ಯಾಕ್ ಕೊಡುವ ಜಾಗಗಳನ್ನು, ಹಿಂದಿನ ಚಕ್ರದ ಕಮಾನನ್ನು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯನ್ನು ಬಡಿಯುತ್ತ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೆಟ್ಟದ್ದು ಡಬ್ ಎನ್ನುತ್ತದೆ. ಪುಟ್ಟಿ ತುಂಬಿ ಬಣ್ಣ ಬಳಿದಿದ್ದರೂ ಡಬ್ ಎನ್ನುತ್ತದೆ. ಫ್ರಿಜ್ಜಿಗೆ ಅಂಟಿಸುವ ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹಿಡಿದರೆ ಪುಟ್ಟಿ ದಪ್ಪಗಿರುವ ಕಡೆ ಅದು ಕಚ್ಚುವುದಿಲ್ಲ. (ಬಾನೆಟ್ ಅಲ್ಯುಮಿನಿಯಂನದಾದರೆ ಅಲ್ಲಿ ಹೇಗೂ ಕಚ್ಚುವುದಿಲ್ಲ, ಗಾಬರಿಯಾಗಬೇಡಿ.) ನನ್ನ ಕಾರಿನ ಎಡಬದಿಯಲ್ಲಿ ಅಂಗೈಯಗಲದ ಪುಟ್ಟಿ ಸಿಕ್ಕಿದ್ದು ಹೀಗೆಯೇ, ಹಿಂದೊಮ್ಮೆ ಯಾವುದೋ ಗ್ಯಾರೇಜಿನವರು ಟಿಂಕರಿಂಗ್ ಮಾಡಿದ್ದೇವೆಂದು ಹಣ ಪಡೆದು ತುಕ್ಕನ್ನು ಹಾಗೇ ಮುಚ್ಚಿ ಕೊಟ್ಟಿದ್ದರು. ಈಗ ಅದನ್ನು ಕೆರೆದು ನೋಡಿದ ಹಿರಿಯ ಟಿಂಕರ್ ಮೇಸ್ತ್ರಿ, ‘ಇದು ಚರ್ಮದ ಕಜ್ಜಿ ಸಾರ್, ಮೂಳೆಗೆ ಇಳಿದಿಲ್ಲ’ ಎಂದರು. ತಿಳಿಯಬೇಕಾದದ್ದೂ ಅದನ್ನೇ. ಬಾಗಿಲು, ಫೆಂಡರ್, ಡಿಕ್ಕಿಯ ಮುಚ್ಚಳದ ತುಕ್ಕು ಬರೀ ಖರ್ಚಿನ ವಿಷಯ. ಸಸ್ಪೆನ್ಷನ್ ಕೂರುವ ಜಾಗ, ತಳದ ಉದ್ದನೆಯ ತೊಲೆಗಳು, ಸೀಟ್ ಬೆಲ್ಟ್ ಬಿಗಿಯುವ ಬುಡ ಇವುಗಳಿಗೆ ತುಕ್ಕು ಇಳಿದಿದ್ದರೆ ಉಳಿದ ಪರೀಕ್ಷೆಗಳನ್ನು ಮಾಡುವ ಅಗತ್ಯವಿಲ್ಲ, ಕಾರನ್ನು ಬಿಟ್ಟುಕೊಡುವುದೇ ಸರಿ. ಡಿಕ್ಕಿಯಲ್ಲಿ ಎಂದಾದರೂ ಔಷಧಿ ಹೊಡೆಯುವ ಮೈಲುತುತ್ತದ ಚೀಲ ಸಾಗಿಸಿದ್ದರೆ ಆ ಗುಂಡಿಯನ್ನು ಎರಡೆರಡು ಸಲ ನೋಡಿ. ಒದ್ದೆಯಾದ ಮೈಲುತುತ್ತ ಕಬ್ಬಿಣವನ್ನು ತಿನ್ನುವ ವೇಗಕ್ಕೆ ಮಳೆನೀರು ಸಾಟಿಯಲ್ಲ.

ನೀರಿನ ನಂತರದ ಶತ್ರು ಇಲಿ. ಈ ದರ್ಜೆಯ ಹಲವು ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸೀಟಿನಡಿಯಲ್ಲೋ ಡಿಕ್ಕಿಯ ಮೂಲೆಯಲ್ಲೋ ಇರುತ್ತವೆ, ನೀರು ನಿಲ್ಲುವುದೂ ಇಲಿ ಗೂಡು ಕಟ್ಟುವುದೂ ಅಲ್ಲಿಯೇ. ಗ್ಯಾರೇಜಿನಲ್ಲಿ ಎಲೆಕ್ಟ್ರಾನಿಕ್ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿಸಿದಾಗ ಬರುವ ದೋಷಗಳ ಪಟ್ಟಿಯನ್ನು ಬರೆದಿಟ್ಟುಕೊಂಡು, ಅಳಿಸಿ, ಒಂದು ತಿಂಗಳು ಓಡಿಸಿ ಮತ್ತೆ ಹಾಕಿಸಿ. ಎರಡನೆಯ ಪಟ್ಟಿಯಲ್ಲಿಯೂ ಉಳಿದದ್ದು ನಿಜವಾದ ದೋಷ. ಪ್ರತಿ ಸಲವೂ ಬೇರೆ ಬೇರೆ ದೋಷ ಬರುತ್ತಿದ್ದರೆ ವೈರಿಂಗ್ ಒಳಗಿನಿಂದ ಕೊಳೆಯುತ್ತಿದೆ ಎಂದು ಅನುಮಾನಿಸಬೇಕು, ಅದಕ್ಕೆ ಆಗುವ ಖರ್ಚಿಗೆ ಕೊನೆಯೇ ಇಲ್ಲ.

ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್‌ಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಅವು ಜನ ಅಂದುಕೊಂಡಷ್ಟು ನಿರ್ಣಾಯಕವಲ್ಲ. ಕೂಲೆಂಟ್ ಹರಿಯುವ ಪ್ಲಾಸ್ಟಿಕ್ ಭಾಗಗಳು, ಎಂಜಿನ್ ಮೌಂಟ್‌ಗಳು, ಸಸ್ಪೆನ್ಷನ್ ಬುಷ್‌ಗಳು ವಯಸ್ಸಿಗೆ ತಕ್ಕಂತೆ ಹೋಗುವಂಥವೇ. ಗೇರ್‌ಬಾಕ್ಸ್ ಆಯಿಲ್ ಜೀವಮಾನವಿಡೀ ಬದಲಿಸಬೇಕಿಲ್ಲ ಎಂಬ ಹಳೆಯ ಮಾತನ್ನು ನಂಬಿದವರು ನಂತರ ಪರಿತಪಿಸಿದ್ದಾರೆ. ಬ್ರೇಕ್ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದ ಆಯಿಲ್ ಬಿಸಿಗೆ ಬೇಗ ಕುದಿಯುತ್ತದೆ, ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯುವಾಗ ಪೆಡಲ್ ಮೆತ್ತಗಾಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ, ಹಿಂದಿನ ಚಕ್ರಗಳತ್ತ ಹೋಗುವ ಉಕ್ಕಿನ ಪೈಪುಗಳ ತುಕ್ಕನ್ನೂ ನೋಡಿಸಿ.

ಪೆಟ್ರೋಲಿನದು ಈಚಿನ ತಕರಾರು. ಈಗ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಇಷ್ಟು ಎಥನಾಲ್ ಗಮನದಲ್ಲಿಟ್ಟು ಮಾಡಿರಲಿಲ್ಲ. ಎಥನಾಲ್ ಕೂಡ ತೇವವನ್ನು ಎಳೆದುಕೊಳ್ಳುವುದರಿಂದ ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿಟ್ಟರೆ ನೀರು ಬೇರ್ಪಟ್ಟು ತಳದಲ್ಲಿ ಕೂರುವ ಸಂಭವವಿದೆ. ಓಡಿಸುತ್ತಿರುವ ಕಾರಿಗೆ ಇದು ಅಷ್ಟು ದೊಡ್ಡ ತೊಂದರೆಯಲ್ಲ. ನಿಂತೇ ಇರುವ ಕಾರಿಗೆ ತೊಂದರೆಯೇ.

ಇನ್ನು ಕಾಗದಪತ್ರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್.ಟಿ.ಒ.ದಲ್ಲಿ ತಪಾಸಣೆಯಾಗಿ ಐದೈದು ವರ್ಷಕ್ಕೆ ನವೀಕರಣ. ದೆಹಲಿಯ ಸುದ್ದಿ ಓದಿ ನಮ್ಮಲ್ಲಿಯೂ ಹದಿನೈದಕ್ಕೆ ಕಾರು ಗುಜರಿಗೆ ಹೋಗಬೇಕೆಂದು ಹೆದರುವವರಿದ್ದಾರೆ, ಕರ್ನಾಟಕದಲ್ಲಿ ಹಾಗಿಲ್ಲ. ಆದರೆ ಶುಲ್ಕ ಗಮನಿಸಿ: 2022ರ ಏಪ್ರಿಲ್‌ನಿಂದ ಸಾಧಾರಣ ಕಾರಿಗೆ 5,000 ರೂಪಾಯಿ, ಆಮದು ವಾಹನಕ್ಕೆ 40,000, 2025ರ ತಿದ್ದುಪಡಿಯ ಪ್ರಕಾರ 20 ವರ್ಷ ದಾಟಿದವಕ್ಕೆ ಇವು 10,000 ಮತ್ತು 80,000. ಇದರ ಮೇಲೆ ಹಸಿರು ತೆರಿಗೆ ಬೇರೆ. ನಿಮ್ಮ ಕೂಪೆ ಆರ್.ಸಿ.ಯಲ್ಲಿ ಆಮದು ವಾಹನವೆಂದು ದಾಖಲಾಗಿದೆಯೇ ಎಂಬುದನ್ನು ಇವತ್ತೇ ನೋಡಿಡಿ.

ವಿಮೆಯ ಲೆಕ್ಕ ಇನ್ನೂ ಸೂಕ್ಷ್ಮ. ಐದು ವರ್ಷ ದಾಟಿದ ಕಾರಿನ ಘೋಷಿತ ಮೌಲ್ಯವನ್ನು (ಐ.ಡಿ.ವಿ., ಅಂದರೆ ಕಾರು ಪೂರ್ತಿ ಹೋದರೆ ವಿಮೆಯಲ್ಲಿ ಸಿಗುವ ಗರಿಷ್ಠ ಮೊತ್ತ) ನೀವೂ ಕಂಪನಿಯೂ ಮಾತಾಡಿ ನಿಗದಿ ಮಾಡುತ್ತೀರಿ. ದುರಸ್ತಿಯ ಖರ್ಚು ಆ ಮೌಲ್ಯದ ಶೇ. 75ನ್ನು ಮೀರಿದರೆ ಕಾರು ಪೂರ್ತಿ ಹಾಳಾದಂತೆ ಲೆಕ್ಕ. ಮೌಲ್ಯ 6 ಲಕ್ಷವೆಂದಿಟ್ಟುಕೊಂಡರೆ ಮಿತಿ ನಾಲ್ಕೂವರೆ ಲಕ್ಷ. ಎಮ್ಮೆ ಅಡ್ಡ ಬಂದು ಒಂದು ಹೆಡ್‌ಲೈಟ್, ಬಾನೆಟ್, ರೇಡಿಯೇಟರ್ ಹೋದರೆ ಈ ದರ್ಜೆಯ ಕಾರಿನಲ್ಲಿ ಅಷ್ಟಾಗಲು ಹೆಚ್ಚು ಹೊತ್ತು ಬೇಡ. ಅದಕ್ಕಿಂತ ಕಡಿಮೆಯಾದರೂ, ಸವಕಳಿ ಮನ್ನಾ (ಝೀರೋ ಡೆಪ್ರಿಸಿಯೇಷನ್) ಇಲ್ಲದ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೂ, ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೂ ಅರ್ಧ ಬೆಲೆಯಷ್ಟೇ ಸಿಗುತ್ತದೆ. ಮೌಲ್ಯವನ್ನು ಕಡಿಮೆ ಬರೆಸಿ ಪ್ರೀಮಿಯಂ ಉಳಿಸುವವರು ಈ ಲೆಕ್ಕ ಹಾಕಿರುವುದಿಲ್ಲ.

ದುರಸ್ತಿಗೆ ಮೂರು ಲಕ್ಷ ಎಂದಾಗ ‘ಕಾರೇ ಐದು ಲಕ್ಷಕ್ಕೆ ಹೋಗುವುದಿಲ್ಲ’ ಎಂದು ಎಲ್ಲರೂ ಹೇಳುವ ಮಾತಿನಲ್ಲಿ ಒಂದು ತಪ್ಪಿದೆ. ಹೋಲಿಸಬೇಕಾದದ್ದು ಹಳೆಯ ಕಾರಿನ ಬೆಲೆಯೊಂದಿಗಲ್ಲ, ಹೊಸದು ಬಂದ ಮೊದಲ ವರ್ಷದಲ್ಲಿ ಕೈಬಿಡುವ ಹಣದೊಂದಿಗೆ. 60 ಲಕ್ಷದ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದಲ್ಲಿ ಶೇ. 18ರಂತೆ ಜೀವಿತಾವಧಿ ತೆರಿಗೆಯೇ 10 ಲಕ್ಷ 80 ಸಾವಿರ, ಸೆಸ್ ಪ್ರತ್ಯೇಕ. ಬೆಲೆ ಇಳಿಯುವುದು, ವಿಮೆ, ಸಾಲದ ಬಡ್ಡಿ ಆಮೇಲೆ. ಈ ಮೊತ್ತದ ಮುಂದೆ ಮೂರು ಲಕ್ಷ ದೊಡ್ಡದಲ್ಲ. ಹಾಗೆಂದು ಪ್ರತಿ ವರ್ಷವೂ ಮೂರು ಲಕ್ಷ ಬೇಕಾದರೆ ಅದೂ ಸಣ್ಣದಲ್ಲ, ಆದ್ದರಿಂದ ಕಳೆದ ಐದು ವರ್ಷದ ಬಿಲ್ಲುಗಳನ್ನು ಒಟ್ಟು ಮಾಡಿ ಐದರಿಂದ ಭಾಗಿಸಿ ನೋಡಿ. ಒಂದೇ ಒಂದು ಕೆಟ್ಟ ವರ್ಷವನ್ನು ಹಿಡಿದು ಕಾರನ್ನು ಬೈಯುವುದು ನ್ಯಾಯವಲ್ಲ.

ಕಾರು ಗಟ್ಟಿಯಿದ್ದರೂ ನಿಮ್ಮ ದಿನಚರಿಗೆ ಹೊಂದುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೂರು ತಿಂಗಳು ಡ್ಯಾಶ್‌ಬೋರ್ಡಿನಲ್ಲಿ ಚಿಕ್ಕ ಪುಸ್ತಕವಿಟ್ಟು, ಎಲ್ಲಿಗೆ ಹೋದಿರಿ, ಎಷ್ಟು ಜನ ಕೂತಿದ್ದರು, ಈ ಕಾರು ಬೇಡವೆಂದು ಯಾವಾಗ ಬೇರೆಯದರಲ್ಲಿ ಹೋದಿರಿ ಎಂಬುದನ್ನು ಬರೆಯಿರಿ. ನನ್ನ ಪುಸ್ತಕದಲ್ಲಿ ಒಂದೇ ಪುಟದಲ್ಲಿ ಮೂರು ಸಲ ‘ಅಮ್ಮ ಬರಲಿಲ್ಲ’ ಎಂದಿದೆ. ‘ಇದಕ್ಕೆ ಹತ್ತೋದಲ್ಲ ಮಗಾ, ಬಾವಿಗೆ ಇಳಿದ ಹಾಗೆ ಇಳಿಯೋದು’ ಎಂದು ಅವರು ಕೈಚೀಲ ಹಿಡಿದು ಆಟೊ ಹತ್ತಿದ್ದರು. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ಸುಮಾರು 300 ಕಿಲೋಮೀಟರಿಗೆ ಈ ಕಾರಿನಷ್ಟು ಹಿತವಾದದ್ದು ನನಗೆ ಬೇರೆ ಸಿಕ್ಕಿಲ್ಲ, ಆದರೆ ಮನೆಯಿಂದ ಡಾಂಬರು ರಸ್ತೆಯವರೆಗಿನ ಮುಕ್ಕಾಲು ಕಿಲೋಮೀಟರಿನಲ್ಲಿ ಅದರ ಹೊಟ್ಟೆ ಪ್ರತಿ ಮಳೆಗಾಲವೂ ಉಜ್ಜುತ್ತದೆ.

ಇಂಥಲ್ಲಿ ಮಾರುವ ಬದಲು, ದಿನದ ಓಡಾಟಕ್ಕೆ ಎತ್ತರದ ಸಾದಾ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ತಂದು ಕೂಪೆಯನ್ನು ಉಳಿಸಿಕೊಳ್ಳುವುದು ಒಳ್ಳೆಯ ದಾರಿ. ಷರತ್ತು ಒಂದಿದೆ: ಹದಿನೈದು ದಿನಕ್ಕೊಮ್ಮೆಯಾದರೂ ಅದನ್ನು ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಬೇಕು. ಶೆಡ್ಡಿಗೆ ಮಣ್ಣಿನ ನೆಲ ಬೇಡ, ಮೈಮೇಲೆ ತಾಡಪಾಲು ಬೇಡವೇ ಬೇಡ. ಗಾಳಿಯಾಡದಿದ್ದರೆ ಜುಲೈ ಮುಗಿಯುವುದರೊಳಗೆ ಚರ್ಮದ ಸೀಟು ಬೂಷ್ಟು ಹಿಡಿದು ಬೆಳ್ಳಗಾಗಿರುತ್ತದೆ. ಇಷ್ಟು ಮಾಡಲು ಬಿಡುವಿಲ್ಲದವರು ಪ್ರೀತಿಯ ಹೆಸರಿನಲ್ಲಿ ಅದನ್ನು ಕೊಳೆಸುವುದಕ್ಕಿಂತ ಓಡಿಸುವವರಿಗೆ ಕೊಡುವುದು ಮೇಲು.

ಬದಲಿಸುವುದೇ ಆದರೆ, ಅದಕ್ಕೆ ಸಮನಾದದ್ದು ಸಿಗುವುದು ಕಷ್ಟವೆಂದು ತಿಳಿದಿರಿ. ಆಡಿ ಟಿಟಿ ಎಂಬ ಕೂಪೆಯ ತಯಾರಿಕೆ 2023ರಲ್ಲಿ ನಿಂತಿತು. ಮರ್ಸಿಡಿಸ್ ಅದೇ ವರ್ಷ ಸಿ ಮತ್ತು ಇ ಎರಡೂ ದರ್ಜೆಯ ಕೂಪೆಗಳ ಜಾಗಕ್ಕೆ ಸಿಎಲ್ಇ ಎಂಬ ಒಂದನ್ನೇ ತಂದಿತು. ಹೆಚ್ಚಿನವರು ಕೊನೆಗೆ ಎಸ್‌ಯುವಿ ಕೊಳ್ಳುತ್ತಾರೆ. ಅದನ್ನು ಷೋರೂಮಿನ ಎದುರಿನ ರಸ್ತೆಯಲ್ಲಿ ಓಡಿಸಿ ನೋಡಿದರೆ ಸಾಲದು, ನಿಮ್ಮ ಮನೆಯ ದಾರಿಗೇ ತರಿಸಿ ಓಡಿಸಿ. ಹಳೆಯದನ್ನು ಆರ್.ಸಿ. ಅವಧಿ ಮುಗಿಯುವ ಮೊದಲೇ ಮಾರಿ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿದ ಮೇಲೂ ಹೊಸ ಮಾಲೀಕರ ಹೆಸರಿಗೆ ವರ್ಗವಾಗುವವರೆಗೆ ಬೆನ್ನು ಬಿಡಬೇಡಿ.

ನಾನು ಈ ಸಲ ಉಳಿಸಿಕೊಂಡಿದ್ದೇನೆ. ಕಾಗದದ ಹಾಳೆಗಳು ಒಣಗಿದ್ದವು, ಎಡಬದಿಯ ತಗಡಿಗೆ ತೇಪೆ ಬಿದ್ದಿದೆ, ಬ್ರೇಕ್ ಪೈಪು ಬರಬೇಕಾಗಿದೆ. 2008ರ ನೋಂದಣಿಯಾದ್ದರಿಂದ ಮುಂದಿನ ನವೀಕರಣ 2028ಕ್ಕೆ. ಅದರ ಹಿಂದಿನ ದೀಪಾವಳಿಗೆ ಅದೇ ಜಾಗವನ್ನು ಮತ್ತೆ ಬಡಿದು ನೋಡಬೇಕು, ತೂತು ಕಂಡರೆ ಶುಲ್ಕ ಕಟ್ಟದೆ ಮಾರಬೇಕು ಎಂದು ಆರ್.ಸಿ. ಇಟ್ಟಿರುವ ಲಕೋಟೆಯ ಮೇಲೆ ಬರೆದಿದ್ದೇನೆ.