ಕನ್ನಡದಲ್ಲಿ ಬರೆದು ಬದುಕುವ ಬಗೆ: ಪ್ರಚಾರ, ತಿದ್ದುವಿಕೆ, ತರಬೇತಿ

ಮೊದಲು ಲೆಕ್ಕ ಹಾಕಿಕೊಳ್ಳಿ. ₹200 ಮುಖಬೆಲೆಯ ಪುಸ್ತಕ, ಸಾವಿರ ಪ್ರತಿ, ಶೇ 10 ಗೌರವಧನ (ರಾಯಲ್ಟಿ) ಎಂದರೆ ಕೈಗೆ ಬರುವುದು ₹20,000. ಅದೂ ಸಾವಿರ ಪ್ರತಿಯೂ ಮಾರಾಟವಾದ ಮೇಲೆ. ಕನ್ನಡದಲ್ಲಿ ಬರವಣಿಗೆಯನ್ನೇ ವೃತ್ತಿ ಮಾಡಿಕೊಳ್ಳಬೇಕೆನ್ನುವವರು ಬೇರೆಯವರ ಹಸ್ತಪ್ರತಿ ತಿದ್ದುವ ಕೆಲಸವನ್ನೇ ಆದಾಯದ ಮುಖ್ಯ ದಾರಿ ಮಾಡಿಕೊಳ್ಳುವುದು ಒಳ್ಳೆಯದು. ಸ್ವಂತ ಬರಹದಿಂದ ಹೆಸರು ಬರುತ್ತದೆ, ಹೆಸರು ಕೇಳಿ ಹಸ್ತಪ್ರತಿಗಳು ಬರುತ್ತವೆ, ಹತ್ತಾರು ಹಸ್ತಪ್ರತಿ ತಿದ್ದಿದ ಮೇಲೆ ಕಲಿಸುವ ಯೋಗ್ಯತೆ ಬರುತ್ತದೆ. ಈ ಕ್ರಮ ಬಿಟ್ಟು ಮೊದಲೇ ಕಾರ್ಯಾಗಾರ ಶುರುಮಾಡಿದರೆ ಪರಿಚಯದವರು ಬಿಟ್ಟು ಬೇರೆಯವರು ಸೇರುವುದು ಕಡಿಮೆ.

ಹೆಸರು ಕಾಣಿಸಬೇಕು

ಹೆಸರನ್ನು ಒಂದೇ ರೀತಿ ಬರೆಯಿರಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ಕಾವ್ಯನಾಮ ಇದ್ದರೆ ನಿಮ್ಮ ಕಥೆ ಮೆಚ್ಚಿದ ಓದುಗರಿಗೆ ನಿಮ್ಮ ಇನ್ನೊಂದು ಬರಹ ಸಿಗುವುದಿಲ್ಲ. ಪ್ರಕಟವಾದ ಬರಹಗಳನ್ನೆಲ್ಲ ಒಂದೇ ಜಾಗದಲ್ಲಿ, ಎಲ್ಲ ಕಂಪ್ಯೂಟರು, ಫೋನುಗಳಲ್ಲೂ ಓದಲು, ಹುಡುಕಲು ಆಗುವ ಅಕ್ಷರಸಂಕೇತವಾದ ಯೂನಿಕೋಡ್‌ನಲ್ಲಿ ಜೋಡಿಸಿಡಿ. ಪತ್ರಿಕೆಯ ಪುಟದ ಫೋಟೊ ಹಾಕಿದರೆ ಸಾಲದು, ಫೋಟೊದಲ್ಲಿರುವ ಅಕ್ಷರ ಹುಡುಕಾಟಕ್ಕೆ ಸುಲಭವಾಗಿ ಸಿಗದು.

‘ಮಯೂರ’, ‘ತುಷಾರ’, ‘ಸುಧಾ’, ‘ತರಂಗ’ದಂಥ ಪತ್ರಿಕೆಗಳಿಗೆ ಕಳಿಸುವಾಗ ಒಂದು ಬರಹ ಒಂದೇ ಕಡೆಗೆ ಹೋಗಲಿ. ಇಮೇಲ್‌ನಲ್ಲಿ ನಾಲ್ಕು ಸಾಲು ಸಾಕು: ಬರಹದ ಹೆಸರು, ಪದಗಳ ಸಂಖ್ಯೆ, ಬೇರೆಲ್ಲೂ ಪ್ರಕಟವಾಗಿಲ್ಲ ಎಂಬ ಖಾತ್ರಿ, ವಿಳಾಸ ಮತ್ತು ಫೋನ್. ಕಥೆಯ ಸಾರಾಂಶ ಬೇಡ. ಮೂರು ತಿಂಗಳು ಕಳೆದರೂ ಉತ್ತರ ಬರದಿದ್ದರೆ, ಹಿಂತೆಗೆದುಕೊಂಡಿದ್ದೇನೆ ಎಂದು ಅವರಿಗೆ ತಿಳಿಸಿ ಬೇರೆಡೆ ಕಳಿಸಿ. ಎರಡು ಕಡೆ ಒಟ್ಟಿಗೆ ಪ್ರಕಟವಾದರೆ ಎರಡೂ ಬಾಗಿಲು ಮುಚ್ಚುತ್ತವೆ.

ಫೇಸ್‌ಬುಕ್ಕಿನಲ್ಲಿ ‘ಇಂದು ನನ್ನ ಕಥೆ ಪ್ರಕಟವಾಗಿದೆ’ ಎಂದು ಹಾಕಿದರೆ ಅಭಿನಂದನೆ ಬರುತ್ತದೆ, ಓದುಗರು ಬರುವುದಿಲ್ಲ. ಅದರ ಬದಲು ಕಥೆಯ ನಡುವಿನಿಂದ 120–150 ಪದಗಳ ಒಂದು ತುಣುಕು ಹಾಕಿ, ಓದುವವರಿಗೆ ಮುಂದೇನಾಯಿತು ಎಂಬ ಕುತೂಹಲ ಹುಟ್ಟುವ ಜಾಗದಲ್ಲಿ ನಿಲ್ಲಿಸಿ. ಕೇಳದವರ ವಾಟ್ಸ್ಯಾಪ್ ಗುಂಪುಗಳಿಗೆ ಲಿಂಕ್ ಕಳಿಸಬೇಡಿ. ನಿಮ್ಮ ಬಗ್ಗೆ ಒಂದು ಪೋಸ್ಟ್ ಬರೆದರೆ ಬೇರೆಯವರ ಪುಸ್ತಕಗಳ ಬಗ್ಗೆ ಮೂರು ಬರೆಯಿರಿ, ಅದೂ ‘ತುಂಬಾ ಚೆನ್ನಾಗಿದೆ’ ಎನ್ನುವಂಥದ್ದಲ್ಲ. ಯಾವ ಅಧ್ಯಾಯ ಏಕೆ ಗೆದ್ದಿತು, ಎಲ್ಲಿ ಸಡಿಲವಾಯಿತು ಎಂದು ಬಿಡಿಸಿ ಹೇಳುವಂಥದ್ದು. ತಿದ್ದುವವರನ್ನು ಹುಡುಕುತ್ತಿರುವ ಲೇಖಕರು ಇಂಥ ಟಿಪ್ಪಣಿಯನ್ನು ಓದಿಯೇ ಫೋನ್ ಮಾಡುತ್ತಾರೆ. ಹಸ್ತಪ್ರತಿ ತಿದ್ದುವ ಸಂಪಾದಕರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಇಲ್ಲ.

ಹಸ್ತಪ್ರತಿ ತಿದ್ದುವುದು

ಕೆಲಸ ಒಪ್ಪುವ ಮೊದಲು ಹತ್ತು ಪುಟ ತರಿಸಿಕೊಳ್ಳಿ, ಆರಂಭದ ಪುಟಗಳಲ್ಲ, ನಡುವಿನವು. ಆರಂಭವನ್ನು ಎಲ್ಲರೂ ಹತ್ತು ಸಲ ತಿದ್ದಿರುತ್ತಾರೆ. ಗಡಿಯಾರ ನೋಡಿಕೊಂಡು ಆ ಪುಟಗಳನ್ನು ತಿದ್ದಿ. ಎರಡು ಗಂಟೆ ಹಿಡಿಯಿತು ಎಂದುಕೊಳ್ಳಿ. 160 ಪುಟಕ್ಕೆ 32 ಗಂಟೆ. ಮೊದಲ ಓದು ಮತ್ತು ಕೊನೆಯ ಕರಡು ನೋಡಲು ಇನ್ನೊಂದು 12 ಗಂಟೆ, ಫೋನು, ಚರ್ಚೆಗೆ 4. ಒಟ್ಟು 48 ಗಂಟೆ. ಗಂಟೆಗೆ ₹300 ಎಂದು ನಿಮ್ಮ ಬೆಲೆ ಕಟ್ಟಿಕೊಂಡರೆ ₹14,400. ಹೊಸಬರು ಸಾಮಾನ್ಯವಾಗಿ ಆ 32 ಗಂಟೆಯನ್ನಷ್ಟೇ ಲೆಕ್ಕ ಹಿಡಿದು ದರ ಹೇಳಿ, ಉಳಿದದ್ದನ್ನು ಪುಕ್ಕಟೆ ಮಾಡುತ್ತಾರೆ.

ಕಡತ ಬಂದ ಕೂಡಲೇ ಅದು ಯೂನಿಕೋಡೋ, ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟೋ ನೋಡಿ. ಹಳೆಯ ಫಾಂಟಿನದಾದರೆ ಪರಿವರ್ತಿಸಿದ ನಂತರ ಇಡೀ ಪಠ್ಯವನ್ನು ಒಮ್ಮೆ ಕಣ್ಣಾಡಿಸಲೇಬೇಕು. ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿರುತ್ತವೆ, ಉದ್ಧರಣ ಚಿಹ್ನೆಗಳು ಕೆಟ್ಟಿರುತ್ತವೆ, ‘ಸಾಫ್ಟ್‌ವೇರ್’ ಇದ್ದದ್ದು ‘ಸಾಫ್ಟ್ವೇರ್’ ಆಗಿರುತ್ತದೆ. ಮೂಲ ಕಡತವನ್ನು ಮುಟ್ಟದೆ ಬೇರೆಯಾಗಿಡಿ. ತಿದ್ದುವುದೆಲ್ಲ, ಪ್ರತಿ ಬದಲಾವಣೆಯನ್ನೂ ಗುರುತು ಮಾಡಿ ತೋರಿಸುವ ‘ಟ್ರ್ಯಾಕ್ ಚೇಂಜಸ್’ ಹಾಕಿಕೊಂಡೇ ನಡೆಯಲಿ.

ಮೊದಲ ಓದಿನಲ್ಲಿ ಏನನ್ನೂ ತಿದ್ದಬೇಡಿ. ಓದಿ ಮುಗಿಸಿ ಲೇಖಕರಿಗೆ ಎರಡು ಪುಟದ ಪತ್ರ ಬರೆಯಿರಿ: ಕಥೆ ನಿಜವಾಗಿ ಎಲ್ಲಿ ಶುರುವಾಗುತ್ತದೆ, ಯಾವ ಅಧ್ಯಾಯ ಬೇಡ, ಯಾವ ಪಾತ್ರ ಅರ್ಧಕ್ಕೆ ಮಾಯವಾಯಿತು. ಅವರು ಒಪ್ಪಿ ತಿದ್ದಿ ಕೊಟ್ಟ ಮೇಲೆ ವಾಕ್ಯಗಳಿಗೆ ಕೈ ಹಾಕಿ. ಈ ಹೆಜ್ಜೆ ಹಾರಿಸಿದರೆ, ನೀವು ಮೂರು ದಿನ ಕೂತು ನಯಗೊಳಿಸಿದ ಅಧ್ಯಾಯವನ್ನೇ ಅವರು ಆಮೇಲೆ ಕಿತ್ತುಹಾಕುತ್ತಾರೆ.

ವಾಕ್ಯ ತಿದ್ದುವಾಗ ಮತ್ತೆ ಮತ್ತೆ ಎದುರಾಗುವ ದೋಷಗಳು ಕೆಲವೇ. ಒಂದೇ ಪಾತ್ರ ಈ ಪುಟದಲ್ಲಿ ‘ಅವರು’, ಮುಂದಿನ ಪುಟದಲ್ಲಿ ‘ಅವನು’ ಆಗಿರುತ್ತದೆ. ಭೂತಕಾಲದಲ್ಲಿ ಹೊರಟ ನಿರೂಪಣೆ ಕಾರಣವಿಲ್ಲದೆ ವರ್ತಮಾನಕ್ಕೆ ಜಾರಿರುತ್ತದೆ. ಕ್ರಿಯಾಪದವೇ ಯಾರೆಂದು ಹೇಳುತ್ತಿದ್ದರೂ ಪ್ರತಿ ವಾಕ್ಯಕ್ಕೂ ‘ಅವಳು’, ‘ಅವಳು’ ಬರುತ್ತಿರುತ್ತದೆ. ‘ಒಂದು’, ‘ಒಬ್ಬ’ ಬೇಡದ ಕಡೆ ನುಸುಳಿರುತ್ತವೆ, ‘ಮಾಡಲ್ಪಟ್ಟಿತು’ ಎಂಬಂಥ ಕರ್ಮಣಿ ಪ್ರಯೋಗ ವಾಕ್ಯವನ್ನು ಎಳೆದಾಡಿಸುತ್ತದೆ. ಕಾಗುಣಿತ ಪರೀಕ್ಷಕ ತಂತ್ರಾಂಶ ಹಿಡಿಯದ ತಪ್ಪುಗಳೂ ಇವೆ: ‘ಅರಸಿ ಬಂದರು’ ಮತ್ತು ‘ಹರಸಿ ಬಂದರು’ ಎರಡೂ ಸರಿಯಾದ ಕನ್ನಡವೇ, ಯಾವುದು ಬೇಕೆಂಬುದು ಸಂದರ್ಭಕ್ಕೆ ಮಾತ್ರ ಗೊತ್ತು. ಅಕಾರ-ಹಕಾರ, ಲ-ಳ, ನ-ಣಗಳಿಗಾಗಿಯೇ ಒಂದು ಪ್ರತ್ಯೇಕ ಓದು ಇಟ್ಟುಕೊಳ್ಳಿ.

ಆಡುಮಾತಿನ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಧಾರವಾಡದ, ಕುಂದಾಪುರದ, ಕಲಬುರಗಿಯ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ‘ಸರಿಪಡಿಸುವ’ ಸಂಪಾದಕರು ಪುಸ್ತಕದ ಜೀವವನ್ನೇ ತೆಗೆಯುತ್ತಾರೆ. ಸಂಭಾಷಣೆಯನ್ನು ಮುಟ್ಟುವ ಮೊದಲು ಆ ಸೀಮೆಯವರೊಬ್ಬರಿಗೆ ಗಟ್ಟಿಯಾಗಿ ಓದಿ ಕೇಳಿಸಿ. ನಿರೂಪಣೆಯೂ ಆಡುಮಾತಿನಲ್ಲೇ ಇದ್ದರೆ, ಒಂದೇ ಪದಕ್ಕೆ ಲೇಖಕರು ಎರಡು ಮೂರು ರೂಪ ಬಳಸಿದ್ದಾರೆಯೇ ಎಂದಷ್ಟೇ ನೋಡಿ.

ಪ್ರತಿ ಪುಸ್ತಕಕ್ಕೂ ಒಂದು ಪುಟದ ನಿಯಮಪಟ್ಟಿ ಇರಲಿ: ಅಂಕಿ ಕನ್ನಡದ್ದೋ ಇಂಗ್ಲಿಷಿನದೋ, ಅರ್ಕಾವೊತ್ತು ಬಳಸುವುದೋ ‘ರ’ಕಾರಕ್ಕೆ ಒತ್ತು ಕೊಡುವುದೋ, ‘ಹೋಗಿಬಿಟ್ಟ’ ಕೂಡಿಸುವುದೋ ಬಿಡಿಸುವುದೋ, ಊರು ಮತ್ತು ವ್ಯಕ್ತಿಗಳ ಹೆಸರುಗಳ ರೂಪ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ) ಮಾಡುವವರಿಗೂ ಇದರ ಪ್ರತಿ ಕೊಡಿ.

ಪುಟವಿನ್ಯಾಸವಾಗಿ ಬಂದ ಕರಡನ್ನು ಕಾಗದದ ಮೇಲೆ ಮುದ್ರಿಸಿಕೊಂಡೇ ನೋಡಿ. ಸಾಲಿನ ಕೊನೆಯಲ್ಲಿ ಪದ ತಪ್ಪಾಗಿ ಒಡೆದಿರುವುದು, ಒತ್ತಕ್ಷರ ಬಿದ್ದುಹೋಗಿರುವುದು, ಪರಿವಿಡಿಯ ಪುಟಸಂಖ್ಯೆ ಬದಲಾಗಿರುವುದು ಈ ಹಂತದಲ್ಲೇ ಕಾಣುವುದು. ಬೆನ್ನುಡಿ, ಮುಖಪುಟ, ಲೇಖಕರ ಹೆಸರನ್ನೂ ಬಿಡದೆ ಓದಿ. ಸಾಮಾನ್ಯ ಪುಸ್ತಕದ ಅಳತೆಯಾದ ಡೆಮಿ ಅಷ್ಟದಳದಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಮುದ್ರಿಸಿ ಮಡಿಸುವ ಹಾಳೆ, 16 ಪುಟ. ಪುಸ್ತಕ 163 ಪುಟಕ್ಕೆ ನಿಂತರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ, ಕಡೇಪಕ್ಷ ಅರ್ಧ ಫಾರಂ ಖರ್ಚು. ಮೂರು ಪುಟ ಕತ್ತರಿಸಿ 160ಕ್ಕೆ ತಂದುಕೊಟ್ಟ ಸಂಪಾದಕರನ್ನು ಪ್ರಕಾಶಕರು ಮರೆಯುವುದಿಲ್ಲ.

ಹಣ, ಕರಾರು

ಅರ್ಧ ಹಣ ಮುಂಗಡ, ಉಳಿದದ್ದು ತಿದ್ದಿದ ಕಡತ ಕೈಗಿಡುವಾಗ. ‘ಪುಸ್ತಕ ಬಿಡುಗಡೆಯಾದ ಮೇಲೆ ಕೊಡುತ್ತೇವೆ’ ಎಂಬುದಕ್ಕೆ ಒಪ್ಪಬೇಡಿ. ಬಿಡುಗಡೆ ಅತಿಥಿಗಳ ದಿನಾಂಕಕ್ಕೆ ಕಾದು ವರ್ಷ ಮುಂದೆ ಹೋಗಬಹುದು. ಎಷ್ಟು ಪುಟ, ಎಷ್ಟು ಸುತ್ತು, ಯಾವ ದಿನ ಎಂಬುದನ್ನು ಇಮೇಲ್‌ನಲ್ಲಾದರೂ ಬರೆದುಕೊಳ್ಳಿ. ನಡುವೆ ಲೇಖಕರು ಹೊಸ ಅಧ್ಯಾಯ ಸೇರಿಸಿದರೆ ಅದಕ್ಕೆ ಬೇರೆ ದರ. ಕೊನೆಯ ತೀರ್ಮಾನ ಲೇಖಕರದೇ ಎಂಬ ಸಾಲೂ ಇರಲಿ, ಮುಂದೆ ಜಗಳ ತಪ್ಪುತ್ತದೆ.

ನಿಮ್ಮದೇ ಪುಸ್ತಕ ಪ್ರಕಾಶಕರಿಗೆ ಕೊಡುವಾಗ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಓದಿಕೊಳ್ಳಿ. ಹಕ್ಕು ವರ್ಗಾವಣೆ ಲಿಖಿತವಾಗಿದ್ದು ಸಹಿ ಇರಬೇಕು. ಅವಧಿ ಬರೆಯದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಸೀಮಿತ. ಆಡಿಯೊ, ಇ-ಪುಸ್ತಕ, ಅನುವಾದ, ಸಿನಿಮಾ ಹಕ್ಕುಗಳನ್ನು ಒಂದೇ ಸಾಲಿನಲ್ಲಿ ‘ಎಲ್ಲ ಹಕ್ಕುಗಳು’ ಎಂದು ಬರೆದುಕೊಡಬೇಡಿ. ಸ್ವಂತ ಪ್ರಕಟಣೆಯಾದರೆ ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದಕ್ಕಾಗಿ ಮಧ್ಯವರ್ತಿಗೆ ಹಣ ತೆರುವ ಅಗತ್ಯವಿಲ್ಲ.

ಕಲಿಸುವುದು

ಕಾರ್ಯಾಗಾರದ ಒಂದು ತಂಡಕ್ಕೆ ಎಂಟು ಜನ ಸಾಕು. ವಾರಕ್ಕೊಮ್ಮೆ ಎರಡು ಗಂಟೆ, ಆರು ವಾರ. ಪ್ರತಿ ವಾರ ಇಬ್ಬರು 800 ಪದದ ಬರಹವನ್ನು ಮೂರು ದಿನ ಮುಂಚೆ ಎಲ್ಲರಿಗೂ ಕಳಿಸಲಿ, ಉಳಿದವರು ಓದಿಕೊಂಡೇ ಬರಲಿ. ಹೀಗೆ ನಾಲ್ಕು ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ. ಕೊನೆಯ ಎರಡು ವಾರ ತಿದ್ದಿ ಬರೆದ ಪ್ರತಿಗಳಿಗೆ. ಇಪ್ಪತ್ತು ಜನರನ್ನು ಸೇರಿಸಿಕೊಂಡರೆ ಅದು ಉಪನ್ಯಾಸವಾಗುತ್ತದೆ, ಉಪನ್ಯಾಸದಿಂದ ಯಾರ ವಾಕ್ಯವೂ ಸುಧಾರಿಸದು. ಅಮೆರಿಕದ ಕನ್ನಡಿಗರು ಸೇರುವುದಾದರೆ ಶನಿವಾರ ಇಲ್ಲಿ ರಾತ್ರಿ 8ಕ್ಕೆ ಇಡಿ. ನ್ಯೂಯಾರ್ಕಿನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ 10.30, ಚಳಿಗಾಲದಲ್ಲಿ 9.30. ಅಲ್ಲಿನ ಕನ್ನಡ ಕೂಟಗಳು ತರುವ ಸ್ಮರಣ ಸಂಚಿಕೆಗಳಿಗೆ ಕರಡು ತಿದ್ದುವವರು ಬೇಕಾಗುತ್ತಾರೆ ಎಂಬುದೂ ನೆನಪಿರಲಿ.

ಕಲಿಸುವವರು ಹೆಚ್ಚಾಗಿ ಎಡವುವುದು ಕಲಿಯುವವರ ಕಥೆಯನ್ನು ತಾವೇ ಬರೆದುಕೊಟ್ಟು. ಎಂಟೂ ಜನರ ಕಥೆ ಒಂದೇ ದನಿಯಲ್ಲಿ ಮಾತಾಡತೊಡಗಿದರೆ ಅದೇ ಆಗಿದೆ ಎಂದು ತಿಳಿಯಿರಿ. ತಪ್ಪಿಗೆ ಗೆರೆ ಎಳೆಯಿರಿ, ಪ್ರಶ್ನೆ ಕೇಳಿ, ಹೊಸ ವಾಕ್ಯ ಅವರಿಂದಲೇ ಬರಲಿ. ಪ್ರಕಟಣೆಯ, ಬಹುಮಾನದ ಭರವಸೆಯನ್ನು ಜಾಹೀರಾತಿನಲ್ಲಿ ಕೊಡಲೇಬೇಡಿ. ನೀವು ತೀರ್ಪುಗಾರರಾಗಿರುವ ಸ್ಪರ್ಧೆಗೆ ನಿಮ್ಮಲ್ಲಿ ಕಲಿಯುತ್ತಿರುವವರು ಕಳಿಸಿದ್ದು ಗೊತ್ತಾದರೆ ಆಯೋಜಕರಿಗೆ ತಿಳಿಸಿ ಹಿಂದೆ ಸರಿಯಿರಿ. ಕಾರ್ಯಾಗಾರ ಮುಗಿದ ಮೇಲೆ ಪೂರ್ಣ ಹಸ್ತಪ್ರತಿ ತಿದ್ದಿಕೊಡುವುದು ಬೇರೆಯೇ ಕೆಲಸ, ಅದರ ದರವೂ ಬೇರೆ ಎಂಬುದನ್ನು ಮೊದಲ ದಿನದ ಸೂಚನೆಯಲ್ಲೇ ಬರೆದಿಡಿ.