ಸೂಟ್‌ಕೇಸ್ ಮಾರಾಟದಿಂದ ಸೇವೆಯ ಕಡೆಗೆ: ದಾವಣಗೆರೆಯಲ್ಲಿ ನನ್ನ ಅನುಭವ

ದಾವಣಗೆರೆಯ ಮಂಡಿಪೇಟೆಯ ಸಮೀಪದಲ್ಲಿ ನಾನು ಬಹುಕಾಲದಿಂದ ಸೂಟ್‌ಕೇಸ್‌ಗಳನ್ನೂ ಪ್ರಯಾಣದ ಚೀಲಗಳನ್ನೂ ಮಾರುತ್ತ, ರಿಪೇರಿ ಮಾಡುತ್ತ ಬಂದಿದ್ದೇನೆ. ಈಗ ಅಂಗಡಿಯ ಗಳಿಕೆಯ ದೊಡ್ಡ ಪಾಲು ಬರುವುದು ಬಾಡಿಗೆಯಿಂದ ಮತ್ತು ವಾರ್ಷಿಕ ನಿರ್ವಹಣೆಯ ಒಪ್ಪಂದಗಳಿಂದ.

ಈ ಬದಲಾವಣೆಗೆ ಕಾರಣವಾದದ್ದು ರಿಪೇರಿಯ ಮೇಜಿನ ಮೇಲೆ ಪ್ರತಿದಿನ ಕಾಣುತ್ತಿದ್ದ ಸಂಗತಿ. ಚಕ್ರವಿರುವ ಸೂಟ್‌ಕೇಸಿಗೆ ಅಮೆರಿಕದ ಬರ್ನಾರ್ಡ್ ಸ್ಯಾಡೋ 1972ರಲ್ಲಿ ಪೇಟೆಂಟ್ ಪಡೆದರು. ನಿಲ್ಲಿಸಿಕೊಂಡು ಎಳೆಯುವ ಉದ್ದ ಹಿಡಿಯ ವಿನ್ಯಾಸವನ್ನು ಪೈಲಟ್ ರಾಬರ್ಟ್ ಪ್ಲಾತ್ 1987ರಲ್ಲಿ ರೂಪಿಸಿದರು. ಅಂದಿನಿಂದ ಪೆಟ್ಟಿಗೆಯ ದುರ್ಬಲ ಭಾಗಗಳೂ ಅವೇ ಆಗಿವೆ. ನನ್ನ ಬಳಿಗೆ ಬರುವವುಗಳಲ್ಲಿ ಒಡೆದಿರುವುದು ಸಾಮಾನ್ಯವಾಗಿ ಚಕ್ರ, ಎಳೆಯುವ ಹಿಡಿ ಅಥವಾ ಜಿಪ್ಪಿನ ಸ್ಲೈಡರ್; ಹೊರಕವಚಕ್ಕೆ ಏನೂ ಆಗಿರುವುದಿಲ್ಲ. ಆದರೂ ಇಡೀ ಪೆಟ್ಟಿಗೆ ಗುಜರಿಗೆ ಹೋಗುತ್ತದೆ, ಏಕೆಂದರೆ ಚಕ್ರವನ್ನು ಸ್ಕ್ರೂವಿನಂತೆ ಬಿಚ್ಚಲಾಗದ ರಿವೆಟ್‌ನಿಂದ ಕೂಡಿಸಿ ಅದರ ಮೇಲೆ ಒಳಬಟ್ಟೆಯನ್ನು ಅಂಟಿಸಿಬಿಟ್ಟಿರುತ್ತಾರೆ. ಅದನ್ನು ಬಿಚ್ಚಿ ಮತ್ತೆ ಜೋಡಿಸುವ ಕೂಲಿ ಗ್ರಾಹಕರಿಗೆ ದುಬಾರಿಯೆನಿಸುತ್ತದೆ. ಮಾರುವವನಿಗೆ ಇದರಿಂದ ನಷ್ಟವಿಲ್ಲ, ಇನ್ನೊಂದು ಪೆಟ್ಟಿಗೆ ಮಾರಾಟವಾಗುತ್ತದೆ. ಈ ಉದ್ಯಮದ ತ್ಯಾಜ್ಯಕ್ಕೆ ಮೂಲ ಇಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪೆಟ್ಟಿಗೆ ನನ್ನದಾಗಿಯೇ ಉಳಿದು, ಗ್ರಾಹಕರು ಬಳಕೆಗೆ ಮಾತ್ರ ಹಣ ಕೊಟ್ಟಾಗ ಲೆಕ್ಕ ತಿರುಗಿತು. ಮುರಿದ ಪ್ರತಿ ಚಕ್ರದ ಖರ್ಚೂ ನನ್ನ ಮೇಲೆಯೇ ಬೀಳುವುದರಿಂದ, ಸಗಟು ವ್ಯಾಪಾರಿಯ ಬಳಿ ನಾನು ಕೇಳುವ ಪ್ರಶ್ನೆಗಳೇ ಬೇರೆಯಾದವು: ಚಕ್ರಕ್ಕೆ ಸ್ಕ್ರೂ ಇದೆಯೇ, ಒಳಬಟ್ಟೆಗೆ ಬಿಚ್ಚಲು ಜಿಪ್ ಇದೆಯೇ, ಅದೇ ಅಳತೆಯ ಬಿಡಿಭಾಗ ಮುಂದೆಯೂ ಸಿಗುತ್ತದೆಯೇ, ಮುಖ್ಯ ಜಿಪ್ 5ನೇ ಸಂಖ್ಯೆಯದೋ 8 ಅಥವಾ 10ನೆಯದೋ (ಸಂಖ್ಯೆ ದೊಡ್ಡದಾದಷ್ಟೂ ಜಿಪ್ಪಿನ ಹಲ್ಲುಗಳು ಅಗಲ). ಜರ್ಮನಿಯ ರಿಮೋವಾ ಕಂಪನಿ 2022ರಿಂದ ತನ್ನ ಹೊಸ ಸೂಟ್‌ಕೇಸ್‌ಗಳಿಗೆ ಜೀವಿತಾವಧಿಯ ಖಾತರಿ ನೀಡುತ್ತಿರುವುದರ ಹಿಂದೆಯೂ ಇದೇ ತರ್ಕ ಕೆಲಸ ಮಾಡುತ್ತದೆ. ರಿಪೇರಿಯ ಭಾರ ಹೊತ್ತವನು ರಿಪೇರಿಯಾಗುವ ವಸ್ತುವನ್ನೇ ಮಾಡಬೇಕಾಗುತ್ತದೆ.

ಹಂಚಿಕೊಂಡು ಬಳಸುವುದಕ್ಕೆ ವಸ್ತುವಿನ ಗುಣದಲ್ಲಿಯೇ ಇನ್ನೊಂದು ಕಾರಣವಿದೆ. ಅನೇಕ ಚಕ್ರಗಳ ಹೊರಪದರ ರಬ್ಬರಿನಂಥ ಪ್ಲಾಸ್ಟಿಕ್ಕಾದ ಪಾಲಿಯುರೆಥೇನ್‌ನಿಂದ ಆಗಿರುತ್ತದೆ. ಗಾಳಿಯ ತೇವಾಂಶ ಅದರ ಅಣುಬಂಧಗಳನ್ನು ನಿಧಾನವಾಗಿ ಕಡಿಯುವುದರಿಂದ, ಅಟ್ಟದ ಮೇಲೆ ವರ್ಷಗಟ್ಟಲೆ ಸುಮ್ಮನೆ ಇಟ್ಟ ಸೂಟ್‌ಕೇಸಿನ ಚಕ್ರ ಪ್ರಯಾಣದ ದಿನವೇ ಪುಡಿಯಾಗಿ ಉದುರುತ್ತದೆ. ಒಳಬಟ್ಟೆಯ ಲೇಪನವೂ ಹೀಗೆಯೇ ಅಂಟಂಟಾಗಿ ಸುಲಿಯುತ್ತದೆ. ವರ್ಷಕ್ಕೊಮ್ಮೆ ಕಾಶಿಗೋ ಉಮ್ರಾಕ್ಕೋ ಹೋಗುವ ಮನೆಗೆ ಸ್ವಂತದ ದೊಡ್ಡ ಪೆಟ್ಟಿಗೆ ಬೇಡವೆಂದು ನಾನು ಹೇಳುವುದು ಇದಕ್ಕಾಗಿ.

ಜನರ ಹಿಂಜರಿಕೆ ಸಹಜವಾಗಿತ್ತು. ಬೇರೆಯವರು ಬಳಸಿದ ಪೆಟ್ಟಿಗೆಯಲ್ಲಿ ಮದುವೆಯ ರೇಷ್ಮೆ ಸೀರೆ ಇಡುವುದು ಹೇಗೆ ಎಂದು ಹಿರಿಯರು ಕೇಳುತ್ತಿದ್ದರು. ಅದಕ್ಕೆ ಒಗೆದು ಇಸ್ತ್ರಿ ಮಾಡಿದ ಹತ್ತಿಬಟ್ಟೆಯ ಒಳಚೀಲವೊಂದನ್ನು ಪ್ರತಿ ಬಾರಿಯೂ ಹಾಕಿಕೊಡಲು ತೊಡಗಿದೆ. ಹತ್ತಿಯ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಹತ್ತಿಯ ಮಾತು ಬೇಗ ನಂಬಿಕೆ ಗಳಿಸುತ್ತದೆ. ಮರಳಿದ ಪ್ರತಿ ಪೆಟ್ಟಿಗೆಯ ಹೊಲಿಗೆಗಳಲ್ಲಿ ತಿಗಣೆ ಇದೆಯೇ ಎಂದು ಟಾರ್ಚ್ ಹಿಡಿದು ನೋಡುತ್ತೇವೆ. ಒಳಭಾಗವನ್ನು ಬಿಸಿಲಿಗೆ ತೆರೆದಿಟ್ಟು, ಪ್ಲಾಸ್ಟಿಕ್ ಕವಚಕ್ಕೆ ಮಾತ್ರ ನೆರಳು ಮಾಡುತ್ತೇವೆ. ಕೊಡುವಾಗ ಗ್ರಾಹಕರ ಎದುರಿಗೇ ಫೋಟೋ ತೆಗೆದು, ಖಾಲಿ ತೂಕವನ್ನು ಚೀಟಿಯಲ್ಲಿ ಬರೆಯುತ್ತೇವೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ಮಿತಿ 15 ಕೆಜಿ ಇರುವಾಗ ಖಾಲಿ ಪೆಟ್ಟಿಗೆಯೇ ನಾಲ್ಕು ಕೆಜಿ ತೂಗಿದರೆ ಅದು ಸಣ್ಣ ವಿಷಯವಲ್ಲ.

ಹೊರಊರುಗಳಿಂದ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಓದಲು ಬರುವ ವಿದ್ಯಾರ್ಥಿಗಳಿಗೆ ಬೇರೆ ಏರ್ಪಾಡಿದೆ. ಅವರು ಕೊಂಡ ಪೆಟ್ಟಿಗೆಯನ್ನು ಓದು ಮುಗಿದಾಗ ಮೊದಲೇ ನಿಗದಿಪಡಿಸಿದ ಬೆಲೆಗೆ ಮರಳಿ ಪಡೆದು, ದುರಸ್ತಿಗೊಳಿಸಿ ಬಾಡಿಗೆಗೆ ಸೇರಿಸುತ್ತೇನೆ. ಮದುವೆಯ ತಿಂಗಳುಗಳ ಬೇಡಿಕೆಗೆ ಇವು ಬಹಳ ಒದಗುತ್ತವೆ.

ಇನ್ನು ಕೊನೆಯ ಹಂತ. ಪೂರ್ತಿ ಹಾಳಾದ ಪೆಟ್ಟಿಗೆಯಿಂದ ಚಕ್ರ, ಹಿಡಿ, ಸ್ಲೈಡರ್, ಸ್ಕ್ರೂಗಳನ್ನು ತೆಗೆದಿಟ್ಟುಕೊಳ್ಳುತ್ತೇವೆ. ಬರಿಯ ಪಾಲಿಪ್ರೊಪಿಲೀನ್ ಎಂಬ ಒಂದೇ ಪ್ಲಾಸ್ಟಿಕ್ಕಿನ ಕವಚವಾದರೆ ಗುಜರಿಯವರು ಕೊಳ್ಳುತ್ತಾರೆ. ಹಲವು ಪ್ಲಾಸ್ಟಿಕ್‌ಗಳು ಪದರಪದರವಾಗಿ ಬೆರೆತದ್ದನ್ನು ಯಾರೂ ಮುಟ್ಟುವುದಿಲ್ಲ. ಪಾಲಿಪ್ರೊಪಿಲೀನ್‌ಗೆ ಅಂಟು ಹಿಡಿಯದಿದ್ದರೂ, ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಬಿಸಿಗಾಳಿಯಲ್ಲಿ ಕರಗಿಸಿ ಬಿರುಕನ್ನು ಬೆಸೆಯಬಹುದು. ಹೀಗಾಗಿ ಬಾಡಿಗೆಯ ಸಂಗ್ರಹಕ್ಕೆ ಈಗ ಆ ಒಂದೇ ವಸ್ತುವಿನ ಪೆಟ್ಟಿಗೆಗಳನ್ನು ಕೊಳ್ಳುತ್ತಿದ್ದೇನೆ.