ಬ್ಯಾಗ್ ಫಿಲ್ಟರ್ ಪದೇಪದೇ ಕಟ್ಟಿಕೊಳ್ಳುತ್ತಿದ್ದದ್ದು ಸರಿಹೋದದ್ದು ಹೀಗೆ

ಯಾದಗಿರಿಯ ಕಡೇಚೂರು ಕಡೆ ಬ್ರಿಕೆಟ್ (ಒತ್ತಿ ಮಾಡಿದ ತ್ಯಾಜ್ಯದ ಉರುವಲು) ಉರಿಸುವ ಬಾಯ್ಲರಿಗೆ ಕೂರಿಸಿದ್ದ ಪಲ್ಸ್‌ಜೆಟ್ ಬ್ಯಾಗ್ ಫಿಲ್ಟರಿನ (ಹೊಗೆಯ ಬೂದಿಯನ್ನು ಬಟ್ಟೆ ಚೀಲದಲ್ಲಿ ಸೋಸಿ, ಪಲ್ಸ್ ಅಂದರೆ ಗಾಳಿಯ ಹೊಡೆತದಿಂದ ಉದುರಿಸುವ ಯಂತ್ರ) ಚೀಲದ ಎರಡು ಬದಿಯ ಒತ್ತಡ ವ್ಯತ್ಯಾಸ ನೀರಿನ ಮಟ್ಟದಲ್ಲಿ 120 ಮಿ.ಮೀ. ಇರಬೇಕಾದದ್ದು 230ಕ್ಕೆ ಏರಿ, ಕುಲುಮೆ ಬಾಗಿಲಿಂದ ಹೊಗೆ ಹೊರಬರುತ್ತಿತ್ತು. ಚೀಲ ಬಿಚ್ಚಿದರೆ ಬೂದಿ ಪುಡಿಯಾಗಿರಲಿಲ್ಲ. ಒಣಗಿದ ಸಿಮೆಂಟಿನಂತೆ ಹಕ್ಕಳೆಗಟ್ಟಿತ್ತು, ಉಗುರಲ್ಲಿ ಕೆರೆದರೆ ಬಿಲ್ಲೆಬಿಲ್ಲೆಯಾಗಿ ಏಳುತ್ತಿತ್ತು. ಹಕ್ಕಳೆ ಕಂಡರೆ ಮೊದಲು ತೇವ ಎಲ್ಲಿಂದ ಬಂತೆಂದು ಹುಡುಕಬೇಕು. ಅದು ಬಿಟ್ಟು ಹೊಸ ಚೀಲ ಹಾಕಿದರೆ ದುಡ್ಡು ದಂಡ.

ಫಿಲ್ಟರ್ ಒಳಗೆ ಎಳೆತ ಇರುವುದರಿಂದ ಸೋರಿಕೆ ಒಳಮುಖ. ಊದಿನಕಡ್ಡಿ ಹಿಡಿದಾಗ ಬೂದಿ ಹೊರಹಾಕುವ ತಿರುಗು ಕವಾಟವಾದ ರೋಟರಿ ಏರ್‌ಲಾಕ್ ಬಳಿ ಹೊಗೆ ಸರ್ರನೆ ಒಳಗೆ ಹೋಯಿತು: ರಬ್ಬರ್ ತುದಿಗಳು ಸವೆದಿದ್ದವು. ತಂಪು ಗಾಳಿ ನುಗ್ಗಿ ಹಾಪರ್ (ಬೂದಿ ಬೀಳುವ ಕೆಳಗಿನ ತೊಟ್ಟಿ) 95 ಡಿಗ್ರಿಗೆ ಇಳಿದಿತ್ತು. ಪಲ್ಸಿಗೆ ಗಾಳಿ ಕೊಡುವ ಕೊಳವೆಯಾದ ಏರ್ ಹೆಡರಿನ ಡ್ರೈನ್ ತೆರೆದರೆ ಎಣ್ಣೆ ಬೆರೆತ ನೀರೂ ಸುರಿಯಿತು.

ರಬ್ಬರ್ ತುದಿ ಬದಲಿಸಿ, ಬಾಗಿಲುಗಳಿಗೆ ಸೆರಾಮಿಕ್ ಹಗ್ಗ ಕೂರಿಸಿ, ಹಾಪರಿಗೆ ಶಾಖ ಸೋರದಂತೆ 75 ಮಿ.ಮೀ. ರಾಕ್‌ವೂಲ್ ಸುತ್ತಿದೆವು. ಕಂಪ್ರೆಸರ್ ನಂತರ ಏರ್ ಡ್ರೈಯರ್, ಆಟೋ ಡ್ರೈನ್ ಸೇರಿಸಿ ಹೆಡರ್ 5 ಬಾರ್, ಪಲ್ಸ್ 100 ಮಿಲಿಸೆಕೆಂಡಿಗೆ ಹೊಂದಿಸಿದೆವು. ಒತ್ತಡ ಇನ್ನೂ ಏರಿಸಿದರೆ ಚೀಲದ ಹೊಲಿಗೆಯೇ ಬಿಡುತ್ತದೆ, ಅದು ಬೇಡ.

ಹೊಸ ಚೀಲ ಹಾಕಿದ ಮೇಲೆ, ಬಾಯ್ಲರಿಗೆ ಬೆಂಕಿ ಹಾಕುವ ಮುಂಚೆಯೇ, ತೇವದ ಬೂದಿ ನೇರ ಬಟ್ಟೆಗೆ ಅಂಟದಂತೆ ಚೀಲದ ಚದರ ಮೀಟರಿಗೆ 250 ಗ್ರಾಂ ನುಣ್ಣನೆ ಸುಣ್ಣಕಲ್ಲಿನ ಪುಡಿ ಫ್ಯಾನ್ ಎಳೆತದಲ್ಲಿ ಬಿಡಿ. ಸೇಡಂ, ಶಹಾಬಾದ್ ಸೀಮೆಯಲ್ಲಿ ಸುಣ್ಣಕಲ್ಲಿಗೇನು ಬರ! ಹೊಗೆ 130 ಡಿಗ್ರಿ ದಾಟುವವರೆಗೆ ಒಣ ಕಟ್ಟಿಗೆ ಮಾತ್ರ, ಪಲ್ಸ್ ಬಂದ್. ಬೆಂಕಿ ಆರಿದ ಮೇಲೆ ಫ್ಯಾನ್ ಮತ್ತು ಪಲ್ಸ್ ಎರಡನ್ನೂ 20 ನಿಮಿಷ ಓಡಿಸಿ, ಹಾಪರ್ ಪೂರ್ತಿ ಖಾಲಿ ಮಾಡಿ. ಉಳಿದ ಬೂದಿ ರಾತ್ರಿ ತೇವ ಕುಡಿದು ಅಲ್ಲೇ ಗಟ್ಟಿಯಾಗುತ್ತದೆ.